ಮನೆ ಸಾಲು

ಈ ವರ್ಷದ ಏಪ್ರಿಲ್ ತಿಂಗಳ ಮೂರನೇ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಕೊಪ್ಪದ ಮಾರ್ಕೆಟ್ ಹಿಂದಿನ ನಮ್ಮ ಪಡಿಕೋಣೆಯಲ್ಲಿ ನಡೆಯುತ್ತಿದ್ದ ಅಲಸಂದೆ ಹಂಚಿಕೆಯನ್ನು ನಾನು ನಿಲ್ಲಿಸಿದೆ. ಅಷ್ಟರಲ್ಲಿ ಒಂಬತ್ತು ಜನ ತಮ್ಮ ಪಾಲು ತೆಗೆದುಕೊಂಡು ಹೋಗಿದ್ದರು. ಅಲ್ಲಿನ ಬಡವರಿಗೆ ಹಂಚಲೆಂದು ಒಂದು ಚೀಲ ಬಸ್ಸಿನಲ್ಲಿ ಶೃಂಗೇರಿಗೆ ಹೊರಟಿತ್ತು.

ಪಡಿಕೋಣೆ ಎಂದು ನಾವು ಹೆಸರಿಟ್ಟದ್ದು ಒಂದು ಹಳೆಯ ದಾಸ್ತಾನು ಕೋಣೆಗೆ. ಅದು ಮುಂದುಗಡೆ ಕಿರಾಣಿ ಅಂಗಡಿ ಇಟ್ಟಿರುವ ಸಾಹೇಬರದ್ದು. ಮನೆಯಲ್ಲಿ ಬೇಯಿಸಲು ಇಲ್ಲದವರು ಬುಧವಾರ ಅಲ್ಲಿಗೆ ಬಂದು ಅಕ್ಕಿ, ಬೇಳೆ, ತರಕಾರಿ ಒಯ್ಯುತ್ತಾರೆ. ಯಾರೂ ಕಾರ್ಡ್ ಕೇಳುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಅಕ್ಕಿ, ಬೇಳೆ ದಾನಿಗಳು ಕೊಟ್ಟದ್ದು. ತರಕಾರಿ ಮಾತ್ರ ನಾವೇ ಬೆಳೆದದ್ದು.

ಬೆಳೆದ ಜಾಗ ಭಂಡಿಗಡಿ ಕಡೆಯ ರಸ್ತೆಯ ಕೆಳಗಿರುವ ಒಂದು ಗದ್ದೆ. ಭತ್ತ ಕೊಯ್ದ ಮೇಲೆ ಮಳೆಗಾಲದವರೆಗೆ ಅದು ಖಾಲಿ ಬೀಳುತ್ತಿತ್ತು. ಪಡಿಕೋಣೆ ನಡೆಸುವ ನಮ್ಮ ಬಳಗದ ಅಧ್ಯಕ್ಷರು ಅದನ್ನು ಬೇಸಿಗೆ ತರಕಾರಿಗೆ ಬಿಟ್ಟುಕೊಟ್ಟರು. ಅವರು ಕಾಫಿ ಬೆಳೆಗಾರರು. ಮಾತಿನಲ್ಲಿ ಮೆದು, ಕೆಲಸದಲ್ಲಿ ಚುರುಕು. ಬಳಗದಲ್ಲಿ ಒಟ್ಟು ಹದಿಮೂರು ಮಂದಿ ಇದ್ದೆವು. ನಾನು ಜಿಲ್ಲಾ ಪತ್ರಿಕೆಯೊಂದಕ್ಕೆ ಸ್ಥಳೀಯ ಸುದ್ದಿ ಬರೆಯುವವಳಾದ್ದರಿಂದ ದಿನಚರಿ ಪುಸ್ತಕ ನನ್ನ ಕೈಗೆ ಬಂತು. ಎಲ್ಲರೂ ನನ್ನನ್ನು ಪೇಪರಕ್ಕ ಎನ್ನುತ್ತಿದ್ದರು.

ಜನವರಿಯಲ್ಲಿ ಉತ್ತು, ಹುಡಿ ಮಾಡಿ, ಸಗಣಿ ಗೊಬ್ಬರ ಮತ್ತು ಬಚ್ಚಲೊಲೆಯ ಬೂದಿ ಹಾಕಿದೆವು. ಬೆಂಡೆ, ಸೌತೆ, ಹರಿವೆ ಒಂದು ಕಡೆ. ಇನ್ನೊಂದು ಕಡೆ ಹನ್ನೆರಡು ಸಾಲು ಅಲಸಂದೆ. ಬಳ್ಳಿ ಹತ್ತಲು ಸಾಲಿಗೆ ಹದಿನಾರು ಗೂಟ, ಗೂಟದಿಂದ ಗೂಟಕ್ಕೆ ಹಗ್ಗ. ಹಳ್ಳಕ್ಕೆ ಮೋಟರ್ ಇಟ್ಟು ದಿನ ಬಿಟ್ಟು ದಿನ ನೀರು. ಯಾವ ದಿನ ಯಾರು ಬಂದರು, ಏನು ಮಾಡಿದರು ಎಂಬುದನ್ನು ನಾನು ಅಂದಂದೇ ಬರೆದಿಟ್ಟೆ.

ಗದ್ದೆಯ ಮೇಲಿನ ಅಂಚಿನಲ್ಲಿ ಅಧ್ಯಕ್ಷರ ಮನೆಗೆ ಹತ್ತುವ ಮೆಟ್ಟಿಲುಗಳಿವೆ. ಆ ಅಂಚಿಗೆ ತಾಗಿದ ಹನ್ನೆರಡನೇ ಸಾಲಿನ ಮೊದಲ ಗೂಟಕ್ಕೆ ಯಾರೋ ಕೆಂಪು ಬಟ್ಟೆ ಕಟ್ಟಿದರು. ಅದನ್ನು ಎಲ್ಲರೂ ಮನೆ ಸಾಲು ಎಂದು ಕರೆಯತೊಡಗಿದರು. ಗದ್ದೆಯ ನಕ್ಷೆ ಬರೆಯುವಾಗ ನಾನು ಪುಸ್ತಕದಲ್ಲಿ ಹೀಗೆ ಬರೆದೆ: ‘ಮನೆ ಸಾಲು, ಅಂದರೆ ಮನೆ ಕಡೆಯ ಸಾಲು.’ ಯಾರನ್ನೂ ಕೇಳಲಿಲ್ಲ. ಅರ್ಥ ಅಷ್ಟು ಸ್ಪಷ್ಟವಿತ್ತು.

ಮೊದಲ ಕೊಯ್ಲು ಮಾರ್ಚ್ ಕೊನೆಯ ವಾರ. ಮಂಗಳವಾರ ಮಧ್ಯಾಹ್ನದ ಮೇಲೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ಒದ್ದೆ ಗೋಣಿಯಲ್ಲಿ ತುಂಬಿ ಇಟ್ಟರೆ ಬುಧವಾರ ಬೆಳಿಗ್ಗೆಗೆ ಬಾಡದೆ ಇರುತ್ತದೆ. ಆ ಸಲದ ಅಲಸಂದೆಯಲ್ಲಿ ಗಿಡದ ರಸ ಹೀರುವ ಕರಿಹೇನು ಇತ್ತು. ತೊಟ್ಟಿನ ಬುಡದಲ್ಲಿ ಮಸಿ ಮೆತ್ತಿದ ಹಾಗೆ. ತೊಳೆದರೆ ಹೋಗುವಂಥದ್ದು. ಆದರೆ ಯಾರೋ ಒಂದು ಕಟ್ಟಿನ ಫೋಟೋ ತೆಗೆದು, ಬಡವರಿಗೆ ಹುಳ ಹಿಡಿದದ್ದು ಕೊಡುತ್ತಾರೆ ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಅಧ್ಯಕ್ಷರ ಮುಖ ಆ ವಾರವಿಡೀ ಕೆಂಪಗಿತ್ತು.

ಸಭೆ ಸೇರಿದೆವು. ಬೇವಿನೆಣ್ಣೆಗೆ ಸೋಪು ಕಲಸಿ ಸಿಂಪಡಿಸುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಅದಕ್ಕೆ ವಾರಕ್ಕೆರಡು ಸಲ ಜನ ಬೇಕು, ಎಲೆಯ ಅಡಿಗೆ ತಾಗುವಂತೆ ಹೊಡೆಯಬೇಕು, ತಿಂಗಳು ಹಿಡಿಯುತ್ತದೆ. ಅಧ್ಯಕ್ಷರು, ನಾನು ನೋಡಿಕೊಳ್ಳುತ್ತೇನೆ ಎಂದರು. ಪುಸ್ತಕದಲ್ಲಿ ಬರೆದೆ: ‘ಹೇನಿನ ನಿಯಂತ್ರಣ: ಅಧ್ಯಕ್ಷರು ನೋಡಿಕೊಳ್ಳುವರು.’ ಹೇಗೆ ಎಂದು ಕೇಳಲಿಲ್ಲ. ಯಾರು, ಎಲ್ಲಿ, ಯಾವಾಗ, ಹೇಗೆ ಎಂದು ಕೇಳುವುದೇ ನನ್ನ ಕೆಲಸ. ಆ ದಿನದ ಪುಟದಲ್ಲಿ ಮೂರಕ್ಕೆ ಉತ್ತರವಿದೆ, ನಾಲ್ಕನೆಯದಕ್ಕಿಲ್ಲ.

ಮುಂದಿನ ಎರಡು ಬುಧವಾರ ಬಂದ ಅಲಸಂದೆ ನೋಡಲು ಸುಂದರವಾಗಿತ್ತು. ಹಸಿರು, ನೇರ, ಒಂದು ಹೇನಿಲ್ಲ. ಆ ಎರಡು ಮಂಗಳವಾರವೂ ಕೊಯ್ಲು ಮುಗಿದ ಮೇಲೆ ಅಧ್ಯಕ್ಷರ ಹೆಂಡತಿ ನಮಗೆಲ್ಲ ಒಂದೊಂದು ಕೈಚೀಲ ಕೊಟ್ಟರು. ಮನೆ ಸಾಲಿನದ್ದು, ಸಾರಿಗಾಯಿತು ಎಂದರು. ಮನೆಗೆ ತಂದು ಬಿಚ್ಚಿದರೆ ಅದರಲ್ಲಿ ಹೇನು ತುಂಬಿತ್ತು. ಉಪ್ಪು ನೀರಿನಲ್ಲಿ ಮುಳುಗಿಸಿ, ಉಜ್ಜಿ ತೊಳೆದು ಪಲ್ಯ ಮಾಡಿದೆ. ತೊಳೆಯುತ್ತ ನನಗೆ ಅನ್ನಿಸಿದ್ದು ಒಂದೇ: ಇವರು ಹುಳ ಹಿಡಿದದ್ದನ್ನು ತಮಗಿಟ್ಟುಕೊಂಡು ಚೆಂದದ್ದನ್ನು ಬಡವರಿಗೆ ಕೊಡುತ್ತಿದ್ದಾರೆ. ಅದನ್ನೇ ಎಂಟು ಸಾಲಿನ ಸುದ್ದಿ ಮಾಡಿ ಪತ್ರಿಕೆಗೆ ಕಳಿಸಿದೆ. ಪ್ರಕಟವಾಯಿತು. ಪಡಿಕೋಣೆಯ ಬಾಗಿಲಿಗೆ ‘ವಿಷಮುಕ್ತ ತರಕಾರಿ’ ಎಂಬ ಫಲಕವನ್ನೂ ಬರೆಸಿದೆ. ಆ ಪದ ನನ್ನದೇ ಆಯ್ಕೆ.

ಮೂರನೇ ಬುಧವಾರ ಸಾಲಿನಲ್ಲಿ ಮೊದಲು ನಿಂತಿದ್ದವಳು ನರಸಿಂಹರಾಜಪುರದಿಂದ ಬರುವ ಒಬ್ಬ ಹೆಂಗಸು. ಅಲ್ಲಿ ಮನೆಗೆಲಸ ಮಾಡುತ್ತಾಳೆ. ಕೊಪ್ಪದಲ್ಲಿರುವ ತಂಗಿಯನ್ನು ನೋಡಲು ವಾರಕ್ಕೊಮ್ಮೆ ಬಂದವಳು ಪಡಿ ತೆಗೆದುಕೊಂಡು ಹತ್ತರ ಬಸ್ಸಿಗೆ ಹಿಂದಿರುಗುತ್ತಾಳೆ. ಅವಳ ಮಗಳು ಆರು ತಿಂಗಳ ಬಸುರಿ. ಗಂಡ ಬಿಟ್ಟುಹೋಗಿ ತಾಯಿಯ ಜೊತೆಗಿದ್ದಾಳೆ. ರಕ್ತ ಕಡಿಮೆ ಇದೆ, ಸೊಪ್ಪು ತರಕಾರಿ ಚೆನ್ನಾಗಿ ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಅಂದು ಅವಳು ಎರಡು ಕಟ್ಟು ಕೇಳಿ ಪಡೆದಳು. ಚೀಲಕ್ಕೆ ಹಾಕಿಕೊಳ್ಳುತ್ತ ನನಗೆ ಹೇಳಿದಳು:

“ಪೇಟೆದಾದ್ರೆ ಔಷಧಿ ಹೊಡೆದಿರ್ತಾರೆ ಅಂತ ಮಗಳು ಮುಟ್ಟೋದಿಲ್ಲ ಅಕ್ಕ. ಇದು ನಿಮ್ಮದು ಅಂದ್ರೆ ಹಸಿಯಾಗೇ ತಿಂತಾಳೆ.”

ಅವಳು ಹೋಗಿ ಹತ್ತು ನಿಮಿಷವಾಗಿರಬಹುದು. ಎರಡನೇ ಗೋಣಿಯ ಬಾಯಿ ಬಿಚ್ಚಿದೆವು. ಒದ್ದೆ ಗೋಣಿಯಿಂದ ಸೀಮೆಎಣ್ಣೆಗೂ ಕೊಳೆತ ಬೆಳ್ಳುಳ್ಳಿಗೂ ನಡುವಿನ ಒಂದು ವಾಸನೆ ಎದ್ದಿತು. ನಾನು ಅದನ್ನು ಗೋಣಿಯ ವಾಸನೆ ಎಂದುಕೊಂಡೆ. ಅಂಗಡಿಯ ಸಾಹೇಬರು ಅಕ್ಕಿ ಅಳೆಯುತ್ತಿದ್ದವರು ಸೇರು ಕೆಳಗಿಟ್ಟರು. ಅವರು ಅಂಗಡಿ ಇಡುವ ಮೊದಲು ಎಸ್ಟೇಟಿನಲ್ಲಿ ಹತ್ತು ವರ್ಷ ದುಡಿದವರು. ಒಂದು ಕಟ್ಟು ಎತ್ತಿ ಮೂಗಿಗೆ ಹಿಡಿದು, ಹಾಗೇ ಕೆಳಗಿಟ್ಟು, ಕೈಯನ್ನು ಲುಂಗಿಗೆ ಒರೆಸಿಕೊಂಡರು.

“ಪೇಪರಕ್ಕ, ಇದು ಬೋರರ್ ಔಷಧಿ. ಈ ವಾಸನೆ ನಾನು ಸತ್ರೂ ಮರೆಯಲ್ಲ. ಕೊಡೋದು ನಿಲ್ಸಿ.”

ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆ ಏಪ್ರಿಲ್‌ನಲ್ಲಿ ಹೊಡೆಯುವ ಔಷಧಿ ಅದು. ಗಿಡದ ಕಾಂಡಕ್ಕೆ ಹೊಡೆಯುವುದು, ಕಾಯಿಗಲ್ಲ. ಅಧ್ಯಕ್ಷರ ತೋಟದಲ್ಲಿ ಔಷಧಿ ಹೊಡೆಯುವವನ ನಂಬರ್ ನನ್ನಲ್ಲಿತ್ತು, ನೀರಿನ ಮೋಟರ್ ಅವನೇ ನೋಡಿಕೊಳ್ಳುತ್ತಿದ್ದ. ಫೋನ್ ಮಾಡಿ ಅಲಸಂದೆಗೆ ಏನು ಹೊಡೆದೆ ಎಂದು ಕೇಳಿದೆ. ಅವನಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

“ಬೋರರ್‌ದೇ ಅಕ್ಕ. ಭಾನುವಾರ ತೋಟಕ್ಕೆ ಕಲಸಿದ್ದು ಒಂದು ಟ್ಯಾಂಕ್ ಮಿಕ್ಕಿತ್ತು. ಹೋದ ಎರಡು ವಾರಾನೂ ಹಂಗೇ ಹೊಡೆದಿದ್ದು.”

“ಎಲ್ಲ ಸಾಲಿಗಾ?”

“ಮನೆ ಸಾಲು ಬಿಟ್ಟು. ಮನೆ ಸಾಲಿಗೆ ಯಾರಾದ್ರೂ ಹೊಡೀತಾರಾ?” ಅವನು ನಕ್ಕ. “ಅದು ತಿನ್ನೋದಲ್ವಾ.”

ಮಾರಲು ತರಕಾರಿ ಬೆಳೆಯುವ ಎಷ್ಟೋ ಗದ್ದೆಗಳಲ್ಲಿ ಒಂದು ಸಾಲನ್ನು ಔಷಧಿ ಹೊಡೆಯದೆ ಮನೆಯ ಊಟಕ್ಕೆ ಬಿಟ್ಟುಕೊಳ್ಳುತ್ತಾರೆ. ಕೆಲಸದವರಿಗೆ ಗುರುತು ಸಿಗಲಿ ಎಂದು ಬಟ್ಟೆ ಕಟ್ಟುತ್ತಾರೆ. ಇದು ನನಗೆ ತಿಳಿಯದ ಸಂಗತಿಯಲ್ಲ. ಐದಾರು ವರ್ಷದ ಹಿಂದೆ ಅದರ ಬಗ್ಗೆ ನಾನೇ ಒಂದು ಲೇಖನ ಬರೆದಿದ್ದೆ. ಆದರೆ ಮಾರುವವರ ಗದ್ದೆಯ ಆ ರೂಢಿ ದಾನದ ಗದ್ದೆಗೂ ಬಂದೀತು ಎಂದು ಹೊಳೆಯಲಿಲ್ಲ. ಆ ಸಾಲಿನ ಅಲಸಂದೆಯನ್ನು ಎರಡು ವಾರ ನಾನು ತಿಂದಿದ್ದೆ. ಹಿಂದಿನ ದಿನ ಕೊಟ್ಟ ಮೂರನೇ ಕೈಚೀಲ ಮನೆಯಲ್ಲಿ ಫ್ರಿಜ್ಜಿನಲ್ಲಿತ್ತು.

ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರು ಅಲ್ಲಗಳೆಯಲಿಲ್ಲ. ಮೊದಲು ಕೇಳಿದ್ದು, ಕೋಣೆಯಲ್ಲಿ ಈಗ ಎಷ್ಟು ಜನ ಇದ್ದಾರೆ ಎಂದು. ಮೂವತ್ತರ ಮೇಲಿದ್ದಾರೆ ಎಂದೆ.

“ಮಾಲು ಬಾಡಿಹೋಗಿದೆ, ಮುಂದಿನ ವಾರ ಬನ್ನಿ ಅಂತ ಹೇಳಿ ಕಳಿಸಿ. ಔಷಧಿ ಅನ್ನೋ ಮಾತೇ ಬೇಡ. ಪುಕ್ಕಟೆ ಕೊಟ್ಟೂ ಹೆಸರು ಕೆಡಿಸ್ಕೊಳ್ಳೋದು ಯಾಕೆ ಮಾರಾಯ್ರೆ?”

ಹಿಂದಿನ ಎರಡು ವಾರ ಒಯ್ದು ತಿಂದವರಿಗೆ ಏನು ಹೇಳುವುದು ಎಂದು ಕೇಳಿದೆ. ತೊಳೆದು ಬೇಯಿಸಿರುತ್ತಾರೆ, ಪೇಟೆಯಲ್ಲಿ ಸಿಗುವುದು ಇದಕ್ಕಿಂತ ಕಡೆ ಎಂದರು. ಹಾಗಾದರೆ ಮನೆ ಸಾಲು ಯಾಕೆ ಎಂದು ಕೇಳಿದೆ. ಅದು ಅಭ್ಯಾಸ ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದಾಗ ಹೇಳುವ ಹಾಗೆ ಹೇಳಿದರು. ಹೊರಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದೆ. ಬೆರಳಿನ ವಾಸನೆ ಹೋಗಿರಲಿಲ್ಲ.

ಬಾಡಿಹೋಗಿದೆ ಎಂದು ಹೇಳಿದ್ದರೆ ಜನ ಗೊಣಗಿಕೊಂಡು ಹೊರಟುಹೋಗುತ್ತಿದ್ದರು. ಆದರೆ ಒಯ್ದವರು ಮಧ್ಯಾಹ್ನ ಅದನ್ನು ಹೆಚ್ಚುತ್ತಿದ್ದರು. ಅಕ್ಕಿಯ ಲೆಕ್ಕ ಬರೆಯುವ ಕರಿಹಲಗೆಯನ್ನು ಒರೆಸಿ ಸೀಮೆಸುಣ್ಣ ತೆಗೆದುಕೊಂಡೆ. ಸುದ್ದಿಯಲ್ಲಾದರೆ ಕೀಟನಾಶಕ ಎಂದು ಬರೆಯುತ್ತೇನೆ. ಮಾತಿನಲ್ಲಿ ಎಲ್ಲರೂ ಔಷಧಿ ಎನ್ನುತ್ತಾರೆ, ಔಷಧಿ ಎಂದರೆ ಯಾರೂ ಹೆದರುವುದಿಲ್ಲ. ಹೀಗೆ ಬರೆದೆ: ‘ಈ ಅಲಸಂದೆಗೆ ಭಾನುವಾರ ವಿಷ ಹೊಡೆದಿದ್ದಾರೆ. ಹಿಂದಿನ ಎರಡು ವಾರದ್ದಕ್ಕೂ ಹೊಡೆದಿದ್ದರು. ಮನೆಯಲ್ಲಿದ್ದರೆ ತಿನ್ನಬೇಡಿ, ದನಕ್ಕೂ ಹಾಕಬೇಡಿ.’ ಓದಲು ಬಾರದವರಿಗಾಗಿ ಸಾಹೇಬರು ಅದನ್ನು ಮೂರು ಸಲ ಜೋರಾಗಿ ಹೇಳಿದರು. ನಾನು ಬಾಗಿಲ ಫಲಕವನ್ನು ಕಿತ್ತು ಒಳಗೆ ಗೋಡೆಗೆ ಮುಖ ಮಾಡಿ ಇಟ್ಟೆ.

ಗಲಾಟೆಯಾಗಲಿಲ್ಲ. ಕೆಲವರು ಅಕ್ಕಿಯ ಚೀಲವನ್ನೂ ಬಿಚ್ಚಿ ಮೂಸಿ ನೋಡಿದರು. ಒಬ್ಬ ಮುದುಕ ಮಾತ್ರ ಗೋಣಿಯ ಹತ್ತಿರ ನಿಂತೇ ಇದ್ದ. ಬಿಸಾಡುವುದಾದರೆ ನನಗೆ ಕೊಡಿ, ಎರಡು ಸಲ ತೊಳೆಯುತ್ತೇನೆ ಎಂದ. ಆಗುವುದಿಲ್ಲ ಎಂದೆ. ಮೂರು ಸಲ ತೊಳೆಯುತ್ತೇನೆ ಎಂದ. ಸಾಹೇಬರು ಅಂಗಡಿಯಿಂದ ಒಂದು ಕುಂಬಳಕಾಯಿ ತಂದು ಅವನ ಕೈಗಿಟ್ಟು ಕಳಿಸಿದರು.

ಶೃಂಗೇರಿಯ ಚೀಲ ಸುಲಭವಾಯಿತು. ಬಸ್ಸಿನ ಏಜೆಂಟರು ಕಂಡಕ್ಟರಿಗೆ ಫೋನ್ ಮಾಡಿ, ಚೀಲ ಇಳಿಸದೆ ವಾಪಸು ತರಲು ಹೇಳಿದರು. ಅದು ಕಟ್ಟಿದ ಹುರಿ ಬಿಚ್ಚದೆ ಹಾಗೇ ಬಂತು. ಒಯ್ದ ಒಂಬತ್ತು ಜನರಲ್ಲಿ ಎಂಟು ಮಂದಿ ಸಾಹೇಬರಿಗೆ ಗುರುತಿನವರು. ಅವರು ಸ್ಕೂಟರಿನಲ್ಲಿ ಹೊರಟು, ಒಂದು ಗಂಟೆಯೊಳಗೆ ಎಂಟು ಮನೆಗಳಿಂದ ಎಂಟು ಕಟ್ಟು ವಾಪಸು ತಂದರು. ಒಂದು ಮನೆಯಲ್ಲಿ ಅರ್ಧ ಹೆಚ್ಚಿಯಾಗಿತ್ತು. ತಟ್ಟೆ ಸಮೇತ ತಂದಿದ್ದರು.

ಉಳಿದವಳು ನರಸಿಂಹರಾಜಪುರದ ಹೆಂಗಸು. ಅವಳ ಹತ್ತಿರ ಫೋನಿರಲಿಲ್ಲ. ಬಸ್ ನಿಲ್ದಾಣಕ್ಕೆ ಓಡಿದಾಗ ಹತ್ತರ ಬಸ್ಸು ಹೋಗಿಯಾಗಿತ್ತು. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಬಸ್ಸು ಪ್ರತಿ ತಿರುವಿನಲ್ಲೂ ನಿಂತಿತು. ಕಂಡಕ್ಟರ್ ಪರಿಚಯದವರು, ಎಂತ ಪೇಪರಕ್ಕ ಇವತ್ತು ಯಾರದ್ದು ಸುದ್ದಿ ಎಂದು ಕೇಳಿದರು. ನನ್ನದೇ ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಅವಳು ಯಾವ ಮನೆಯಲ್ಲಿ ಕೆಲಸ ಮಾಡುತ್ತಾಳೆಂದು ಒಮ್ಮೆ ಹೇಳಿದ್ದಳು. ಅಲ್ಲಿ ವಿಚಾರಿಸಿ ಅವಳ ಮನೆ ಸೇರುವಾಗ ಹನ್ನೆರಡೂವರೆ. ಶೀಟಿನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ. ಮಗಳು ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಿದ್ದಳು. ಮಡಿಲಲ್ಲಿ ಅಲಸಂದೆ. ಮುರಿದು ಮುರಿದು ಪಾತ್ರೆಗೆ ಹಾಕುತ್ತ, ನಡುನಡುವೆ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಬೇಲಿಯಾಚೆಯಿಂದಲೇ ತಿನ್ನಬೇಡ ಎಂದು ಕೂಗಿದೆ. ಅವಳು ಗಾಬರಿಯಾಗಿ ಎದ್ದಳು. ಕಾಯಿಗಳು ಅಂಗಳಕ್ಕೆ ಚೆಲ್ಲಿದವು.

ತಾಯಿ ಒಳಗಿನಿಂದ ಬಂದಳು. ನಾನು ನಿಂತೇ ಎಲ್ಲ ಹೇಳಿದೆ. ಏನು ಹೊಡೆದಿದ್ದಾರೆ, ಯಾವ ದಿನ, ಎಷ್ಟು ವಾರದಿಂದ ಎಂದು. ಮಗಳು ಬಾವಿಯ ಹತ್ತಿರ ಹೋಗಿ ಬಾಯಿಗೆ ಬೆರಳು ಹಾಕಿ ಕಾರಿಕೊಳ್ಳಲು ನೋಡಿದಳು. ಹಾಗೆ ಮಾಡಬಾರದು, ಡಾಕ್ಟರನ್ನು ಕೇಳೋಣ ಎಂದೆ. ತಾಯಿ ಮಗಳ ಬೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

“ನೀವೂ ಇದನ್ನೇ ತಿಂದ್ರಾ ಅಕ್ಕ?”

“ಇಲ್ಲ. ನಮಗೆ ಕೊಟ್ಟದ್ದು ಬೇರೆ ಸಾಲಿನದ್ದು. ಅದಕ್ಕೆ ಹೊಡೆದಿರಲಿಲ್ಲ. ನನಗೆ ಗೊತ್ತಿರಲಿಲ್ಲ.”

ಅವಳು ಸೆರಗಿನಿಂದ ಮಗಳ ಬಾಯಿ ಒರೆಸಿದಳು.

“ಗೊತ್ತಿಲ್ದೇ ಇದ್ರೂ ನಿಮಗೆ ಒಳ್ಳೇದೇ ಸಿಕ್ತು ನೋಡಿ.”

ಆಟೋದಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ತೋಟದಿಂದ ಔಷಧಿ ಹೊಡೆಯುವವನು ಕಳಿಸಿದ ಡಬ್ಬದ ಫೋಟೋ ನನ್ನ ಫೋನಿನಲ್ಲಿತ್ತು. ಹಳದಿ ತ್ರಿಕೋನ, ಅದರ ಜೊತೆ ವಿಷ ಎಂಬ ಪದ, ಹೊಡೆಯಬಹುದಾದ ಬೆಳೆಗಳ ಪಟ್ಟಿ. ಪಟ್ಟಿಯಲ್ಲಿ ಅಲಸಂದೆ ಇರಲಿಲ್ಲ. ಡಾಕ್ಟರು ಅದನ್ನು ಹಿಗ್ಗಿಸಿ ಓದಿ, ಮಗಳ ನಾಡಿ, ಕಣ್ಣು, ಉಸಿರು ನೋಡಿದರು. ಸಂಜೆಯವರೆಗೆ ಕೂರಿಸಿಕೊಂಡರು. ಈಗ ವಿಷದ ಲಕ್ಷಣವಿಲ್ಲ, ಮಗುವಿನ ಎದೆಬಡಿತ ಸರಿಯಿದೆ, ಮುಂದಿನದನ್ನು ಹೇಳಲು ಬರುವುದಿಲ್ಲ ಎಂದರು. ತಾಯಿ ಆ ಮೂರನೇ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಹೊರಡುವಾಗ ಆಟೋದವನನ್ನು ತಾನೇ ಕರೆದಳು. ನಾನು ಹತ್ತಲಿಲ್ಲ, ಅವಳು ಹತ್ತಿ ಎನ್ನಲೂ ಇಲ್ಲ.

ಮಾರನೇ ದಿನ ಬೆಳಿಗ್ಗೆ ಸಾಹೇಬರೂ ನಾನೂ ಸೇರಿ, ಗದ್ದೆಯಿಂದಲೂ ಹಳ್ಳದಿಂದಲೂ ದೂರ, ಎದೆಮಟ್ಟದ ಗುಂಡಿ ತೋಡಿಸಿದೆವು. ಗೋಣಿಗಳನ್ನು ಅದರಲ್ಲಿ ಸುರಿದೆವು. ಒಂದು ದಿನ ಮುಚ್ಚಿಟ್ಟದ್ದರಿಂದ ಒಳಗೆ ಬಿಸಿಯಾಗಿ, ಲೋಳೆಯಾಗಿ, ಆ ವಾಸನೆ ಮೊದಲಿಗಿಂತ ದಪ್ಪವಾಗಿತ್ತು. ಫ್ರಿಜ್ಜಿನಲ್ಲಿದ್ದ ನನ್ನ ಕೈಚೀಲವನ್ನೂ ತಂದು ಅದರ ಮೇಲೆ ಹಾಕಿದೆ. ಅದರಲ್ಲಿ ಹೇನುಗಳು ಇನ್ನೂ ಜೀವಂತವಾಗಿದ್ದವು.

ಅದೇ ಗುರುವಾರ ಸಂಜೆ ಸಭೆ. ಹದಿಮೂರರಲ್ಲಿ ಹನ್ನೊಂದು ಮಂದಿ ಬಂದಿದ್ದರು. ಮನೆ ಸಾಲು ಎಂದರೆ ಏನೆಂದು ಯಾರು ಯಾರಿಗೆ ಗೊತ್ತಿತ್ತು ಎಂಬ ಒಂದೇ ಪ್ರಶ್ನೆ ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಕೇಳಿದೆ. ಎಂಟು ಮಂದಿ ಗೊತ್ತಿತ್ತು ಎಂದರು. ಒಬ್ಬರು ನಿವೃತ್ತ ಶಿಕ್ಷಕಿ. ಹೇನು ಕಂಡರೆ ಫೋಟೋ ಹಾಕುತ್ತಾರೆ, ಹೇನು ಹೋಗಲೆಂದು ಹೊಡೆದರೆ ಹಲಗೆಯಲ್ಲಿ ಬರೆಯುತ್ತೀರಿ, ಹಾಗಾದರೆ ಸೇವೆ ಮಾಡುವವರು ಏನು ಮಾಡಬೇಕು ಎಂದು ಕೇಳಿದರು. ನೊಂದೇ ಕೇಳಿದರು. ಉಳಿದವರು ತಲೆಯಾಡಿಸಿದರು. ಚಹಾ ಬಂತು, ಅಧ್ಯಕ್ಷರ ಹೆಂಡತಿ ಮಾಡಿದ ಕೋಡುಬಳೆ ಬಂತು. ನಾನು ಮುಟ್ಟಲಿಲ್ಲ. ಒಬ್ಬರು, ಪೇಪರಕ್ಕನಿಗೆ ನಮ್ಮ ಮನೆ ತಿಂಡಿಯ ಮೇಲೂ ಅನುಮಾನ ಎಂದರು. ಎಲ್ಲರೂ ನಕ್ಕರು.

ಸಾಹೇಬರು ನಗಲಿಲ್ಲ. ಇನ್ನು ಔಷಧಿ ಹೊಡೆದರೆ ಕೋಣೆಯ ಬೀಗದ ಕೈ ತಮ್ಮ ಹತ್ತಿರವೇ ಇರುತ್ತದೆ ಎಂದರು. ಆಮೇಲೆ ಅಧ್ಯಕ್ಷರು ಒಪ್ಪಿದರು. ನಿರ್ಣಯವನ್ನು ನಾನೇ ಬರೆದು ಓದಿದೆ: ಯಾವ ಸಾಲಿಗೂ ಬೇವಿನೆಣ್ಣೆ, ಸೋಪು ಬಿಟ್ಟು ಬೇರೇನೂ ಹೊಡೆಯತಕ್ಕದ್ದಲ್ಲ. ಎರಡು ವಾರ ಅಲಸಂದೆ ಹಂಚತಕ್ಕದ್ದಲ್ಲ. ಮನೆ ಸಾಲು ಇರತಕ್ಕದ್ದಲ್ಲ. ಹನ್ನೊಂದು ಮಂದಿಯೂ ಸಹಿ ಹಾಕಿದರು. ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ವಿಷಮುಕ್ತ ಎಂದು ಬರೆದದ್ದು ತಪ್ಪು, ಔಷಧಿ ಹೊಡೆಯದ ಸಾಲು ಸ್ವಯಂಸೇವಕರಿಗೆ ಮೀಸಲಾಗಿತ್ತು, ಅದರಲ್ಲಿ ವರದಿಗಾರ್ತಿಯ ಪಾಲೂ ಇತ್ತು ಎಂದು. ಕೊನೆಯ ವಾಕ್ಯ ಬಿಟ್ಟು ಉಳಿದದ್ದು ಪ್ರಕಟವಾಯಿತು.

ಮೇ ಮೊದಲ ವಾರ ಹಂಚಿಕೆ ಮತ್ತೆ ಶುರುವಾಯಿತು. ನರಸಿಂಹರಾಜಪುರದ ಹೆಂಗಸು ಬರುತ್ತಿಲ್ಲ. ಕೊಪ್ಪದಲ್ಲಿರುವ ಅವಳ ತಂಗಿಯನ್ನು ವಿಚಾರಿಸಿದೆ. ಮಗಳಿಗೆ ಎಂಟು ತಿಂಗಳು ಹತ್ತಿರ ಬಂತು, ಸ್ಕ್ಯಾನಿಂಗ್‌ನಲ್ಲಿ ತೊಂದರೆ ಕಂಡಿಲ್ಲ, ಮಗಳು ಈಗ ಯಾರು ಕೊಟ್ಟ ತರಕಾರಿಯನ್ನೂ ತಿನ್ನುವುದಿಲ್ಲ ಎಂದಳು.

ಕಳೆದ ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಗದ್ದೆಗೆ ಹೋದೆ. ಹನ್ನೆರಡನೇ ಸಾಲಿನ ಗೂಟದಲ್ಲಿ ಕೆಂಪು ಬಟ್ಟೆ ಇರಲಿಲ್ಲ. ಒಂದನೇ ಸಾಲಿನಿಂದ ಶುರುಮಾಡಿ ಸಾಲಿಗೆ ಹತ್ತು ಎಲೆ ಮಗುಚಿ ನೋಡುತ್ತ ಬಂದೆ. ಹನ್ನೊಂದನೇ ಸಾಲಿನವರೆಗೆ ಒಂದು ಹೇನೂ ಕಾಣಲಿಲ್ಲ. ಹನ್ನೆರಡನೇ ಸಾಲಿನ ಹತ್ತು ಎಲೆಯಲ್ಲೂ ಹೇನಿತ್ತು.